ಗೆರಟೆ ಕೆಂಡ, ನಾಲ್ಕು ಬಂಗುಡೆ ಮತ್ತು ಅರ್ಧ ಎಳೆದ ಶಟರ್

ಬಕ್ರೀದ್‌ನ ಎರಡನೇ ರಾತ್ರಿ ನಮ್ಮ ಕಡೆಯ ಮನೆಗಳಲ್ಲಿ ಈಗ ಅಡುಗೆಮನೆಯ ದೀಪ ಬೇಗ ಆರುತ್ತದೆ, ಟೆರೇಸಿನ ದೀಪ ಉರಿಯುತ್ತದೆ. ಮೊದಲ ದಿನದ ಬಿರಿಯಾನಿ, ನೆಂಟರ ಓಡಾಟ, ಮಾಂಸ ಹಂಚುವ ಗಡಿಬಿಡಿ ಎಲ್ಲ ಮುಗಿದಿರುತ್ತದೆ. ಮಕ್ಕಳು ಫ್ರಿಡ್ಜ್ ಬಾಗಿಲು ತೆರೆದು ನೋಡುತ್ತಾರೆ, ಮಾಂಸ ಉಂಟು. ಒಬ್ಬ ಹೋಗಿ ಇದ್ದಿಲು ತರುತ್ತಾನೆ, ಇನ್ನೊಬ್ಬ ಮೊಬೈಲಿನಲ್ಲಿ ಹಾಡು ಹಾಕುತ್ತಾನೆ. ‘ಬಾರ್ಬೆಕ್ಯೂ’ ಎಂಬ ಶಬ್ದ ಹದಿನೈದು-ಇಪ್ಪತ್ತು ವರ್ಷದ ಹಿಂದೆ ನಮ್ಮ ಊರಿನಲ್ಲಿ ಗಲ್ಫಿನಿಂದ ರಜೆಯಲ್ಲಿ ಬಂದವರ ಬಾಯಲ್ಲಿ ಮಾತ್ರ ಇತ್ತು. ಈಗ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು.

ಎರಡು ಬಕ್ರೀದ್ ಹಿಂದೆ ನಾವೂ ಹಾಗೆಯೇ ಮಾಮನ ಮನೆಯಲ್ಲಿ ಸೇರಿದ್ದೆವು. ಹಬ್ಬ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತಾ ಬಂದು ಸರಿಯಾಗಿ ಮಳೆಗಾಲದ ಬಾಯಿಗೆ ಬಿದ್ದಿತ್ತು. ಟೆರೇಸಿನಲ್ಲಿ ಶೀಟಿನ ಕೆಳಗೆ ಒಲೆ ಹೊತ್ತಿಸಿ ಕೆಂಡ ಆಗುವಷ್ಟರಲ್ಲಿ ಗಾಳಿ ಸಮೇತ ಮಳೆ ಬಂತು. ಹುಡುಗರು ಒಲೆಯನ್ನು ನಾಲ್ಕು ಕೈ ಹಿಡಿದು ಕೆಳಗೆ ಕಾರ್ ಶೆಡ್ಡಿಗೆ ಇಳಿಸಿದರು. ಎರಚಲು ಒಳಗೆ ಬರುತ್ತದೆಂದು ಶಟರ್ ಎಳೆದರು. ಪೂರ್ತಿ ಅಲ್ಲ, ಕೆಳಗೆ ಒಂದು ಗೇಣು ಬಿಟ್ಟಿದ್ದರು. ಹೊಗೆ ಇರಲಿಲ್ಲ. ಕೆಂಡದ ಮೇಲೆ ಬೂದಿ ಕಟ್ಟಿತ್ತು, ಘಮಘಮ ಪರಿಮಳ ಬರುತ್ತಿತ್ತು. ಯಾರಿಗೂ ಏನೂ ತಪ್ಪು ಕಾಣಲಿಲ್ಲ, ನನಗೂ ಕಾಣಲಿಲ್ಲ.

ಅರ್ಧ ಗಂಟೆ ಕಳೆದಿರಬಹುದು. ತಂಗಿಯ ಮಗ, ಹನ್ನೊಂದು ವರ್ಷದವ, “ತಲೆ ಸಿಡೀತದೆ ಮಾಮ” ಎಂದ. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿದ. ಬೇಯದ ಮಾಂಸ ತಿಂದಿರಬೇಕು ಎಂದು ನಾವು ಅವನಿಗೇ ಬೈದೆವು. ಇನ್ನೊಬ್ಬ ಹುಡುಗ ಕಾಲಿಗೆ ಬಲ ಇಲ್ಲ ಎಂದು ಗೋಡೆಗೆ ಒರಗಿ ಕೂತ. ಅಷ್ಟು ಹೊತ್ತಿಗೆ ಬಾಪ ಮೇಲಿನಿಂದ ಸುಲೈಮಾನಿ ಆಯ್ತಾ ಎಂದು ಕೇಳಲು ಇಳಿದು ಬಂದವರು, ಶಟರ್ ನೋಡಿದರು. ಎಪ್ಪತ್ತು ದಾಟಿದ ಮನುಷ್ಯ ಒಂದೇ ಎಳೆತಕ್ಕೆ ಅದನ್ನು ಮೇಲೆ ತಳ್ಳಿ, “ಹೊರಗೆ ಹೋಗಿ, ಎಲ್ಲರೂ ಹೊರಗೆ, ಮಳೆ ಬಂದರೆ ಬರಲಿ” ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಬಾಪ ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮಕ್ಕಳಿಬ್ಬರನ್ನು ಆಸ್ಪತ್ರೆಗೆ ಕರೆದೊಯ್ದು, ಆಕ್ಸಿಜನ್ ಮಾಸ್ಕ್ ಹಾಕಿಸಿ, ಮರುದಿನ ಮಧ್ಯಾಹ್ನ ಮನೆಗೆ ತಂದೆವು. ಅಲ್‌ಹಮ್ದುಲಿಲ್ಲಾ, ಇಬ್ಬರೂ ಈಗ ಚೆನ್ನಾಗಿದ್ದಾರೆ. ಡಾಕ್ಟರ್ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಅಂದು ಆ ಶೆಡ್ಡಿನಲ್ಲಿದ್ದ ಹನ್ನೆರಡು ಮಂದಿಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ನಮ್ಮಲ್ಲಿ ಇಬ್ಬರು ಇಂಜಿನಿಯರುಗಳಿದ್ದರು ಮಾರಾಯ್ರೆ.

ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಣ್ಣೂ ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ಕಟ್ಟಿಗೆ ಒಲೆಯ ಹೊಗೆಯಾದರೆ ನಮ್ಮನ್ನು ತಾನೇ ಹೊರಗೆ ಓಡಿಸುತ್ತದೆ. ಕೆಂಡ ಹಾಗಲ್ಲ. ಹೊಗೆ ನಿಂತು ಕೆಂಪಗೆ ಹೊಳೆಯುವ ಕೆಂಡವೇ ಅಡುಗೆಗೆ ಉತ್ತಮ, ಮುಚ್ಚಿದ ಜಾಗದಲ್ಲಿ ಅದೇ ಅಪಾಯ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಉಸಿರು ಆಡುತ್ತಲೇ ಇರುತ್ತದೆ, ಆದರೆ ಮೈಗೆ ಆಮ್ಲಜನಕ ಸಿಗುವುದಿಲ್ಲ. ತಲೆನೋವು, ತಲೆ ಸುತ್ತುವುದು, ವಾಕರಿಕೆ, ಕೈಕಾಲು ಸೋಲುವುದು ಇದರ ಮೊದಲ ಗುರುತುಗಳು. ಇದನ್ನು ನಾವು ‘ಹೊಟ್ಟೆ ಕೆಟ್ಟಿದೆ’, ‘ಗ್ಯಾಸ್’ ಅಂತ ತಿಳಿದು ಅಲ್ಲೇ ಮಲಗಿಸಿದರೆ ಏಳದೆಯೂ ಹೋಗಬಹುದು.

ಇನ್ನೊಂದು ವಿಷಯ. ಕೊರೊನಾ ಬಂದ ಮೇಲೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಲ್ಲರ ಮನೆಯಲ್ಲೂ ಉಂಟು. ಅಂದು ನಾವೂ ಮಗುವಿನ ಬೆರಳಿಗೆ ಹಾಕಿದ್ದೆವು. 98 ತೋರಿಸಿತು. ಸಮಾಧಾನ ಮಾಡಿಕೊಂಡು ಕೂತುಬಿಡುತ್ತಿದ್ದೆವೋ ಏನೋ. ಆ ಯಂತ್ರಕ್ಕೆ ರಕ್ತದಲ್ಲಿರುವುದು ಆಮ್ಲಜನಕವೋ ಈ ವಿಷಾನಿಲವೋ ಎಂದು ಬೇರೆ ಮಾಡಿ ನೋಡಲು ಬರುವುದಿಲ್ಲ. ಅದು ಸರಿ ತೋರಿಸಿದರೂ ನಂಬಬೇಡಿ. ಗಾಳಿಗೆ ತನ್ನಿ, ಆಸ್ಪತ್ರೆಗೆ ಓಡಿ, ‘ಇದ್ದಿಲಿನ ಹತ್ತಿರ ಇದ್ದರು’ ಎಂಬ ಒಂದು ಮಾತನ್ನು ಡಾಕ್ಟರಿಗೆ ಮೊದಲು ಹೇಳಿ. ಉಳಿದದ್ದು ಅವರಿಗೆ ಗೊತ್ತಾಗುತ್ತದೆ.

ಬಾಪನಿಗೆ ಇದು ಹೇಗೆ ಗೊತ್ತಿತ್ತು? ಅವರು ಓದಿದ್ದು ಐದನೇ ಕ್ಲಾಸು. ಸೌದಿಯಲ್ಲಿ ದಮ್ಮಾಮ್ ಕಡೆ ಇಪ್ಪತ್ತೆಂಟು ವರ್ಷ ದುಡಿದವರು. ಅಲ್ಲಿಯ ಚಳಿಗಾಲ ನಮ್ಮವರಿಗೆ ಊರಿಗೆ ಬಂದು ಹೇಳಿದರೆ ಯಾರೂ ನಂಬದ ಚಳಿ. ಪಕ್ಕದ ಕ್ಯಾಂಪಿನಲ್ಲಿ ಇಬ್ಬರು ರಾತ್ರಿ ಅಡುಗೆ ಮಾಡಿ ಉಳಿದ ಕೆಂಡದ ಬಕೆಟನ್ನು ಕ್ಯಾಬಿನ್ ಒಳಗೆ ಇಟ್ಟು, ಬಾಗಿಲು ಹಾಕಿ ಮಲಗಿದರು. ಬೆಳಿಗ್ಗೆ ಸುಬಹಿಗೆ ಎಬ್ಬಿಸಲು ಹೋದವರಲ್ಲಿ ಬಾಪ ಒಬ್ಬರು. ಈ ಕಥೆಯನ್ನು ಅವರು ಇಷ್ಟು ವರ್ಷ ಮನೆಯಲ್ಲಿ ಹೇಳಿರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕೂತು ಹೇಳಿದರು. “ಅವರ ಮುಖ ಕೆಂಪಾಗಿತ್ತು ಮೋನೇ, ನಿದ್ದೆ ಮಾಡಿದ ಹಾಗೇ” ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಹಾಗಾಗಿ ಮೊದಲ ಮಾತು ಇದು. ಇದ್ದಿಲಿನ ಒಲೆಯ ಜಾಗ ಆಕಾಶದ ಕೆಳಗೆ. ಶೆಡ್, ಗ್ಯಾರೇಜ್, ಫ್ಲಾಟಿನ ಗಾಜು ಹಾಕಿದ ಬಾಲ್ಕನಿ, ಟೆಂಟ್, ಕಾರು ಇದ್ಯಾವುದೂ ಆಗದು. ಕಿಟಕಿ ತೆರೆದಿದೆ, ಫ್ಯಾನ್ ತಿರುಗುತ್ತಿದೆ ಎಂಬುದು ಉತ್ತರವಲ್ಲ. ಮಳೆ ಬಂದರೆ ಕೆಂಡಕ್ಕೆ ನೀರು ಹೊಯ್ದು, ಮಾಂಸವನ್ನು ಒಳಗೆ ತಂದು ಕಾವಲಿಯಲ್ಲಿ ಹುರಿಯಿರಿ. ಹಬ್ಬ ಏನೂ ಹಾಳಾಗುವುದಿಲ್ಲ.

ಆ ರಾತ್ರಿಯ ನಂತರ ಒಂದು ವರ್ಷ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ತಂಗಿಗೆ ಇದ್ದಿಲು ಕಂಡರೆ ಆಗುತ್ತಿರಲಿಲ್ಲ. ಕೊನೆಗೆ ಒಲೆಯನ್ನು ಅಂಗಳಕ್ಕೆ ತಂದವರು ಬಾಪನೇ. “ಹೆದರಿ ಬಿಡುವುದು ಬೇಡ, ಗೊತ್ತಿದ್ದು ಮಾಡುವ” ಎಂದರು. ಮುಂದಿನದ್ದೆಲ್ಲ ಅವರಿಂದ ಕಲಿತದ್ದು. ಅವರ ಗಲ್ಫಿನ ಶುಕ್ರವಾರಗಳು ಇದರಲ್ಲಿವೆ. ಜುಮಾ ಮುಗಿದು, ನಾಲ್ಕು ಮಂದಿ ರೂಮ್‌ಮೇಟ್‌ಗಳು ಒಂದು ಪಿಕಪ್‌ನಲ್ಲಿ ಕಾರ್ನಿಶ್‌ಗೆ ಹೋಗಿ, ಸಮುದ್ರದ ಪಕ್ಕ ಒಲೆ ಹಾಕಿ, ಖುಬೂಸ್ ಬಿಸಿ ಮಾಡಿ, ಊರಿನ ಸುದ್ದಿ ಮಾತಾಡಿ ಬರುತ್ತಿದ್ದರಂತೆ. ಮನೆಯವರಿಗೆ ಬರೆದ ಪತ್ರಗಳಲ್ಲಿ ಈ ಸಂಗತಿ ಇರಲಿಲ್ಲ. ಖರ್ಚು ಮಾಡುತ್ತಾನೆ ಅಂದುಕೊಂಡಾರು ಎಂಬ ಹೆದರಿಕೆ ಇರಬೇಕು.

ಇದ್ದಿಲಿನಿಂದ ಶುರು ಮಾಡುವ. ಅಂಗಡಿಯಲ್ಲಿ ಸಿಗುವ ಮರದ ಇದ್ದಿಲು ಆಗುತ್ತದೆ, ಆದರೆ ನಮ್ಮ ಕರಾವಳಿಯವರಿಗೆ ಗೆರಟೆ ಇರುವಾಗ ಬೇರೆ ಯಾಕೆ? ಹಿಂದೆ ಇಸ್ತ್ರಿ ಪೆಟ್ಟಿಗೆಗೆ ತುಂಬುತ್ತಿದ್ದದ್ದು ಇದೇ ಗೆರಟೆಯ ಕೆಂಡವನ್ನು. ಕಾವು ಜಾಸ್ತಿ, ಬೂದಿ ಕಡಿಮೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಗೆರಟೆ ಹಸಿಯಾಗಿದ್ದರೆ ಅಥವಾ ಒಳಗೆ ಕೊಬ್ಬರಿ ಅಂಟಿಕೊಂಡಿದ್ದರೆ ಹೊಗೆ ಬರುತ್ತದೆ, ಮಾಂಸಕ್ಕೆ ಕಮಟು ಎಣ್ಣೆಯ ವಾಸನೆ ಹಿಡಿಯುತ್ತದೆ. ಒಣಗಿಸಿ, ಕೆರೆದು, ನಾಲ್ಕು ತುಂಡು ಮಾಡಿ ಇಡಬೇಕು. ಒಂದು ಕೋಳಿ, ಒಂದಷ್ಟು ಮೀನಿಗೆ ಸುಮಾರು ಎರಡು ಕಿಲೋ ಇದ್ದಿಲು ಬೇಕು. ಕಡಿಮೆ ಹಾಕಿ ಅರ್ಧದಲ್ಲಿ ಮತ್ತೆ ಹೊತ್ತಿಸುವುದಕ್ಕಿಂತ ಒಂದು ಹಿಡಿ ಹೆಚ್ಚಿದ್ದರೇ ಒಳ್ಳೆಯದು.

ಒಲೆಗೆ ಸಾವಿರಾರು ರೂಪಾಯಿ ಕೊಡಬೇಕೆಂದಿಲ್ಲ. ಎರಡು ಸಾಲು ಒಣ ಇಟ್ಟಿಗೆ, ಮೇಲೆ ಒಂದು ಜಾಲರಿ, ಸಾಕು. ಎರಡು ಎಚ್ಚರ: ಹೊಳೆಯಿಂದ ತಂದ ಕಲ್ಲು ಅಥವಾ ನೀರು ಕುಡಿದ ಕಾಂಕ್ರೀಟ್ ತುಂಡನ್ನು ಒಲೆಗೆ ಇಡಬೇಡಿ, ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಕೋಳಿಗೂಡಿಗೆ ಹಾಕುವ ಬಿಳಿ ಹೊಳಪಿನ ಜಾಲರಿಯೂ ಬೇಡ, ಅದರ ಮೇಲೆ ಸತುವಿನ ಲೇಪ ಇರುತ್ತದೆ, ಕಾದರೆ ಆ ಹೊಗೆ ಕೆಟ್ಟದ್ದು. ಸ್ಟೀಲ್ ಅಥವಾ ಸಾದಾ ಕಬ್ಬಿಣದ ಜಾಲರಿ ತನ್ನಿ.

ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್ ಖಂಡಿತ ಬೇಡ. ಊಟಕ್ಕೆ ಅದರ ವಾಸನೆ ಬರುತ್ತದೆ ಎಂಬುದು ಸಣ್ಣ ವಿಷಯ, ಹೊಯ್ಯುವವನ ಹುಬ್ಬು ಉಳಿಯುವುದಿಲ್ಲ ಎಂಬುದು ದೊಡ್ಡದು. ಒಣ ಮಡಲಿನ ಸೂಟೆ, ಅದರ ಮೇಲೆ ತೆಂಗಿನ ಸಿಪ್ಪೆ, ಅದರ ಮೇಲೆ ಗೆರಟೆ, ಹೀಗೆ ಗೋಪುರದ ಹಾಗೆ ಇಟ್ಟು ಕೆಳಗಿನಿಂದ ಬೆಂಕಿ ಕೊಡಿ. ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಸ್ವಲ್ಪ ಗಾಳಿ ಹಾಕಿ. ಆಮೇಲೆ ಕೂತು ಕಾಯಿರಿ. ಇಲ್ಲಿಯೇ ಎಲ್ಲರೂ ಸೋಲುವುದು. ಉರಿ ಕಂಡ ಕೂಡಲೇ ಮಾಂಸ ಇಟ್ಟುಬಿಡುತ್ತಾರೆ, ಹೊರಗೆ ಕರಿ, ಒಳಗೆ ಹಸಿ. ಉರಿ ಆರಿ, ಕಪ್ಪು ಹೋಗಿ, ಮೇಲೆ ಬೂದಿಯ ಪದರ ಕಟ್ಟಲು ಅರ್ಧ ಗಂಟೆ ಬೇಕು. ಆಗ ಕೆಂಡವನ್ನು ಒಂದು ಬದಿಗೆ ದಪ್ಪಗೆ, ಇನ್ನೊಂದು ಬದಿಗೆ ತೀರಾ ತೆಳ್ಳಗೆ ಸರಿಸಿ. ಒಂದು ಬದಿ ಜೋರು, ಒಂದು ಬದಿ ಸಣ್ಣ ಕಾವು, ಗ್ಯಾಸ್ ಒಲೆಯ ಎರಡು ಬರ್ನರಿನ ಹಾಗೆ. ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿದು ಎಣಿಸುವುದು ಬಾಪನ ಅಳತೆ. ಮೂರು ಎಣಿಸುವುದರೊಳಗೆ ಕೈ ತೆಗೆಯಬೇಕಾದರೆ ಮೀನಿಗೆ ಸರಿ. ಐದಾರರ ತನಕ ತಡೆದರೆ ಕೋಳಿಗೆ ಸರಿ. ಹತ್ತಾದರೂ ಕೈ ಸುಡದಿದ್ದರೆ ಮತ್ತೆ ಗೆರಟೆ ಹಾಕಿ.

ಹೊಸಬರು ಬಂಗುಡೆಯಿಂದಲೇ ಶುರು ಮಾಡಬೇಕು. ಬಂಗುಡೆಯ ಮೈಯಲ್ಲೇ ಎಣ್ಣೆ ಉಂಟು, ಬೇಗ ಬೇಯುತ್ತದೆ, ಕೆಟ್ಟರೂ ಹೆಚ್ಚು ನಷ್ಟ ಇಲ್ಲ. ನಮ್ಮ ಅಜ್ಜಿಯಂದಿರು ಒಲೆಯ ಬಾಯಿಯ ಕೆಂಡಕ್ಕೆ ಉಪ್ಪು ಸವರಿದ ಬಂಗುಡೆಯನ್ನು ಹಾಗೆಯೇ ದೂಡಿ, ಸುಟ್ಟ ಸಿಪ್ಪೆ ತೆಗೆದು ಗಂಜಿಗೆ ಕೊಡುತ್ತಿದ್ದರು. ಅದಕ್ಕೆ ಯಾರೂ ಬಾರ್ಬೆಕ್ಯೂ ಎಂದು ಹೆಸರಿಟ್ಟಿರಲಿಲ್ಲ. ನಾಲ್ಕು ಬಂಗುಡೆಗೆ ಎಂಟು ಬ್ಯಾಡಗಿ ಮೆಣಸು, ಅರ್ಧ ಚಮಚ ಒಳ್ಳೆಮೆಣಸು, ಐದಾರು ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಳಿ, ಚಿಟಿಕೆ ಅರಸಿನ, ಉಪ್ಪು. ನೀರು ತೀರಾ ಕಡಿಮೆ ಹಾಕಿ ಗಟ್ಟಿಯಾಗಿ ಕಡೆಯಿರಿ. ಮೀನಿನ ಎರಡೂ ಬದಿಗೆ ಮೂರು ಮೂರು ಗೀರು ಹಾಕಿ, ಬಟ್ಟೆಯಿಂದ ಒರೆಸಿ ಒಣಗಿಸಿ, ಮಸಾಲೆಯನ್ನು ಗೀರಿನೊಳಗೆ ತುಂಬಿ ಇಪ್ಪತ್ತು ನಿಮಿಷ ಬಿಡಿ. ಹುಳಿ, ಲಿಂಬೆ ಹಾಕಿದ ಮೀನನ್ನು ಗಂಟೆಗಟ್ಟಲೆ ಇಟ್ಟರೆ ಮಾಂಸ ಮೆತ್ತಗಾಗಿ ಬಿಡುತ್ತದೆ.

ಜಾಲರಿಗೆ ಮೀನು ಅಂಟುತ್ತದೆ ಎಂಬುದು ಎಲ್ಲರ ದೂರು. ಜಾಲರಿ ಚೆನ್ನಾಗಿ ಕಾದಿರಬೇಕು. ಅರ್ಧ ನೀರುಳ್ಳಿಯನ್ನು ಎಣ್ಣೆಗೆ ಅದ್ದಿ ಅದರ ಮೇಲೆ ಉಜ್ಜಿ. ಮೀನು ಇಟ್ಟ ಮೇಲೆ ಐದು ನಿಮಿಷ ಮುಟ್ಟಬೇಡಿ. ಚರ್ಮ ಗಟ್ಟಿಯಾದ ಮೇಲೆ ತಾನಾಗಿ ಜಾಲರಿ ಬಿಡುತ್ತದೆ. ಬಿಡದಿದ್ದರೆ ಇನ್ನೂ ಆಗಿಲ್ಲ ಎಂದರ್ಥ. ಮತ್ತೊಂದು ಬದಿಗೂ ಐದು ನಿಮಿಷ. ಅಂಟುವ ಹೆದರಿಕೆ ಇದ್ದವರು ಬಾಳೆಎಲೆಯಲ್ಲಿ ಸುತ್ತಿ ಇಡಿ, ಸ್ವಲ್ಪ ಹೆಚ್ಚು ಹೊತ್ತು ಬೇಕು. ಸುಟ್ಟ ಎಲೆಯ ಪರಿಮಳ ಬೇರೆಯೇ. ಬೂತಾಯಿಗೂ ಇದೇ ಮಸಾಲೆ, ಅರ್ಧ ಸಮಯ. ಅಂಜಲ್ ತುಂಡು ಕೆಂಡಕ್ಕೆ ಅಷ್ಟು ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ, ಒಣಗಿ ಹೋಗುತ್ತದೆ. ಅದು ಕಾವಲಿಗೇ ಇರಲಿ. ಒಂದು ಮಾತು ನೆನಪಿರಲಿ, ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಮಾರ್ಕೆಟಿನಲ್ಲಿ ಸಿಗುವುದು ಹೆಚ್ಚಾಗಿ ಹೊರಗಿನಿಂದ ಬಂದ ಐಸ್ ಮೀನು. ಕಣ್ಣು ಗುಳಿ ಬಿದ್ದ, ಒತ್ತಿದರೆ ಬೆರಳಿನ ಗುರುತು ಉಳಿಯುವ ಮೀನನ್ನು ಕೆಂಡವೂ ಕಾಪಾಡದು.

ಈಗ ಕೋಳಿ. ಮಂಗಳೂರಿನಲ್ಲಿ ರಸ್ತೆಗೊಂದು ‘ಅಲ್ಫಾಮ್’ ಬೋರ್ಡು ಉಂಟಲ್ಲ. ಅರಬಿಯಲ್ಲಿ ‘ಫಹಮ್’ ಎಂದರೆ ಇದ್ದಿಲು, ‘ಅಲ್ ಫಹಮ್’ ಎಂದರೆ ಆ ಇದ್ದಿಲು, ಅಷ್ಟೇ. ‘ಇದ್ದಿಲಿನ ಮೇಲಿನ ಕೋಳಿ’ ಎಂಬುದರಲ್ಲಿ ಕೋಳಿ ಬಿದ್ದುಹೋಗಿ ಇದ್ದಿಲು ಮಾತ್ರ ನಮ್ಮಲ್ಲಿ ಉಳಿದಿದೆ. ‘ಚಾರ್ಕೋಲ್ ಅಲ್ಫಾಮ್’ ಎಂಬ ಬೋರ್ಡು ಕಂಡಾಗಲೆಲ್ಲ ಬಾಪ ನಗುತ್ತಾರೆ. “ಇದ್ದಿಲಿನ ಇದ್ದಿಲು ಎಷ್ಟು ಪ್ಲೇಟಿಗೆ?” ಎಂದು ಒಮ್ಮೆ ಕೇಳಿಯೂ ಬಿಟ್ಟಿದ್ದರು.

ಒಂದು ಕಿಲೋದ ಕೋಳಿ ಸಾಕು, ದೊಡ್ಡದಾದರೆ ಒಳಗೆ ಬೇಯುವುದಿಲ್ಲ. ಬೆನ್ನಿನ ಮೂಳೆಯ ಉದ್ದಕ್ಕೆ ಕತ್ತರಿಸಿ, ಪುಸ್ತಕ ತೆರೆದ ಹಾಗೆ ಬಿಡಿಸಿ ಕೊಡಲು ಕೋಳಿ ಅಂಗಡಿಯವರಿಗೇ ಹೇಳಿ. ತೊಡೆಗೂ ಎದೆಗೂ ಆಳವಾಗಿ ಗೀರು ಹಾಕಿ. ಮಸಾಲೆಗೆ ಹತ್ತು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಒಂದು ಸಣ್ಣ ನೀರುಳ್ಳಿ ಅರೆದು, ಅದಕ್ಕೆ ಎರಡು ಚಮಚ ಕೊತ್ತಂಬರಿ ಹುಡಿ, ಒಂದು ಚಮಚ ಜೀರಿಗೆ ಹುಡಿ, ಒಂದು ಚಮಚ ಒಳ್ಳೆಮೆಣಸಿನ ಹುಡಿ, ಅರ್ಧ ಲೋಟ ನೀರು ಬಸಿದ ಮೊಸರು, ಒಂದು ಲಿಂಬೆಯ ರಸ, ಎರಡು ಚಮಚ ಎಣ್ಣೆ, ಉಪ್ಪು. ಬಣ್ಣದ ಹುಡಿ ಬೇಡ, ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನ ಹುಡಿ ಒಂದು ಚಮಚ ಸೇರಿಸಿ. ರಾತ್ರಿಯೇ ಹಚ್ಚಿ ಫ್ರಿಡ್ಜ್‌ನಲ್ಲಿಟ್ಟರೆ ಉತ್ತಮ, ಇಲ್ಲದಿದ್ದರೆ ನಾಲ್ಕು ಗಂಟೆಯಾದರೂ ಬೇಕು.

ಕೋಳಿಯನ್ನು ತೆಳು ಕೆಂಡದ ಬದಿಗೆ, ಮೂಳೆಯ ಭಾಗ ಕೆಳಗೆ ಮಾಡಿ ಇಡಿ. ಮೇಲೆ ಒಂದು ದೊಡ್ಡ ಪಾತ್ರೆ ಕವುಚಿ ಹಾಕಿದರೆ ಕಾವು ಸುತ್ತಲೂ ಹಿಡಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ತಿರುವಿ. ಮುಕ್ಕಾಲು ಗಂಟೆಯ ಹತ್ತಿರ ಬೇಕು. ಕೊನೆಯ ಐದು ನಿಮಿಷ ಮಾತ್ರ ಜೋರು ಕೆಂಡದ ಬದಿಗೆ ತಂದು ಚರ್ಮ ಕೆಂಪು ಮಾಡಿ. ಬೆಂದಿದೆಯೋ ಎಂದು ನೋಡುವುದು ಎದೆಯಲ್ಲಿ ಅಲ್ಲ, ತೊಡೆ ಮೈಗೆ ಸೇರುವ ಸಂದಿನಲ್ಲಿ. ಅಲ್ಲಿ ಚುಚ್ಚಿದಾಗ ಕೆಂಪು ನೀರು ಬಂದರೆ ಆಗಿಲ್ಲ. ಅಡುಗೆಯ ಥರ್ಮಾಮೀಟರ್ ಇದ್ದರೆ ಆ ಜಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಸಿ ಕೋಳಿ ಇಟ್ಟ ತಟ್ಟೆಗೆ ಬೆಂದ ಕೋಳಿ ಹಾಕಬೇಡಿ, ಅದೇ ಮಸಾಲೆಯ ಬಟ್ಟಲಿನಿಂದ ಕೊನೆಗೆ ಮೇಲೆ ಸವರಲೂ ಬೇಡಿ. ಅಂಗಳದ ಮಬ್ಬು ಬೆಳಕಿನಲ್ಲಿ ಆಗುವ ತಪ್ಪು ಹೆಚ್ಚಾಗಿ ಇವೇ ಎರಡು.

ಜೊತೆಗೆ ಬಿಳಿ ಸಾಸ್ ಬೇಕೆಂದು ಮಕ್ಕಳು ಹಠ ಹಿಡಿಯುತ್ತಾರೆ. ಹಸಿ ಮೊಟ್ಟೆ ಹಾಕಿ ಮಿಕ್ಸಿಯಲ್ಲಿ ತಿರುಗಿಸುವ ಮಯೋನೈಸ್ ನಮ್ಮ ಸೆಕೆಗೆ ಹೇಳಿದ್ದಲ್ಲ. ನೆರೆಯ ಕೇರಳ ಸರಕಾರ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೈಸನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಗಟ್ಟಿ ಮೊಸರಿಗೆ ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಲಿಂಬೆ, ಸ್ವಲ್ಪ ಎಣ್ಣೆ ಸೇರಿಸಿ ಕದಡಿದರೆ ಆಯಿತು. ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಹೇಳಲಾರೆ, ಗೊತ್ತಾಗುತ್ತದೆ. ಆದರೂ ತಿನ್ನುತ್ತಾರೆ.

ಹಬ್ಬದ ಆಡು-ಕುರಿ ಮಾಂಸದ ವಿಷಯದಲ್ಲಿ ಒಂದು ದೊಡ್ಡ ತಪ್ಪು ನಾವೆಲ್ಲ ಮಾಡುತ್ತೇವೆ. ಬೆಳಿಗ್ಗೆ ಕೊಯ್ದ ಮಾಂಸವನ್ನು ಮಧ್ಯಾಹ್ನಕ್ಕೇ ಕೆಂಡದ ಮೇಲೆ ಇಟ್ಟು, “ಎಂತದಿದು, ರಬ್ಬರ್” ಎನ್ನುತ್ತೇವೆ. ತಪ್ಪು ಆಡಿನದ್ದಲ್ಲ. ಕೊಯ್ದ ಕೆಲವು ಗಂಟೆಗಳಲ್ಲಿ ಸ್ನಾಯು ಬಿಗಿಯಾಗುತ್ತದೆ. ಆ ಬಿಗಿ ಇಳಿಯಲು ಸಮಯ ಬೇಕು. ಸಾರಿಗಾದರೆ ಕುಕ್ಕರ್ ಉಂಟು, ಎಂಟು ಸೀಟಿ ಹೊಡೆಸಬಹುದು. ಕೆಂಡಕ್ಕೆ ಆ ಶಕ್ತಿ ಇಲ್ಲ. ಒಂದು ದಿನ ಫ್ರಿಡ್ಜ್‌ನಲ್ಲಿ ಬಿಟ್ಟು ಮರುದಿನ ಸುಡಿ. ಎರಡನೇ ರಾತ್ರಿ ಮಾಡುವ ರೂಢಿ ಈ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ತೊಡೆಯ ಮಾಂಸವನ್ನು ಹೆಬ್ಬೆರಳ ತುದಿಯಷ್ಟು ತುಂಡು ಮಾಡಿ, ಅರ್ಧ ಕಿಲೋಗೆ ಒಂದು ಚಮಚ ಅರೆದ ಹಸಿ ಪಪ್ಪಾಯಿ ಕಲಸಿ ಒಂದು ಗಂಟೆ ಬಿಡಿ, ಹೆಚ್ಚು ಬಿಟ್ಟರೆ ಹಿಟ್ಟಾಗುತ್ತದೆ. ಆಮೇಲೆ ಉಪ್ಪು, ಒಳ್ಳೆಮೆಣಸು, ಬೆಳ್ಳುಳ್ಳಿ, ಲಿಂಬೆ. ನಡುನಡುವೆ ಒಂದೊಂದು ಸಣ್ಣ ಕೊಬ್ಬಿನ ತುಂಡು ಸಿಕ್ಕಿಸಿದರೆ ಅದು ಕರಗಿ ಮಾಂಸ ಒಣಗದ ಹಾಗೆ ನೋಡಿಕೊಳ್ಳುತ್ತದೆ. ಕೊಬ್ಬು ಕೆಂಡಕ್ಕೆ ಬಿದ್ದು ಉರಿ ಎದ್ದರೆ ನೀರು ಎರಚಬೇಡಿ, ಬೂದಿ ಹಾರಿ ಮಾಂಸಕ್ಕೆ ಹಿಡಿಯುತ್ತದೆ. ಕಡ್ಡಿಯನ್ನೇ ಒಂದು ನಿಮಿಷ ಆಚೆ ಸರಿಸಿ. ಕರಿ ಹಿಡಿದ ಅಂಚನ್ನು ಕತ್ತರಿಸಿ ಬಿಸಾಡಿ, ಅದು ರುಚಿಗೂ ಬೇಡ, ಆರೋಗ್ಯಕ್ಕೂ ಬೇಡ. ಬಿದಿರಿನ ಕಡ್ಡಿಯಾದರೆ ಅರ್ಧ ಗಂಟೆ ನೀರಲ್ಲಿ ನೆನೆಸಿಡಿ. ಸೈಕಲಿನ ಕಡ್ಡಿ ಬಳಸುವವರನ್ನು ನೋಡಿದ್ದೇನೆ, ಅದರ ಹೊಳಪಿನ ಲೇಪ ಹೊಟ್ಟೆಗೆ ಹೋಗಲು ಮಾಡಿದ್ದಲ್ಲ.

ಮಾಂಸ ತಿನ್ನದ ಗೆಳೆಯರು ಬಂದರೆ, ನಮ್ಮಲ್ಲಿ ಹಬ್ಬಕ್ಕೆ ಬರುತ್ತಾರೆ ಕೂಡ, ಅವರಿಗೆ ಬೇರೆ ಜಾಲರಿ ಇಟ್ಟುಕೊಳ್ಳಿ. ಜೋಳದ ತೆನೆ, ದೊಡ್ಡ ನೀರುಳ್ಳಿ, ಅನಾನಸಿನ ಬಿಲ್ಲೆಗೆ ಉಪ್ಪು-ಮೆಣಸು. ಗೆಣಸನ್ನು ಹಾಗೆಯೇ ಬೂದಿಯೊಳಗೆ ಹುಗಿದುಬಿಡಿ, ಎಲ್ಲರ ಊಟ ಮುಗಿಯುವ ಹೊತ್ತಿಗೆ ಬೆಂದಿರುತ್ತದೆ. ನೇಂದ್ರ ಬಾಳೆಹಣ್ಣನ್ನು ಸಿಪ್ಪೆ ಸಮೇತ ಸಣ್ಣ ಕಾವಿಗೆ ಇಟ್ಟು, ಸಿಪ್ಪೆ ಪೂರ್ತಿ ಕಪ್ಪಾದ ಮೇಲೆ ಸೀಳಿ, ಒಂದು ಚಮಚ ತುಪ್ಪ ಹಾಕಿ ಕೊಡಿ. ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗುವುದು ಕೋಳಿಯಲ್ಲ, ಇದು.

ಇಲ್ಲೊಂದು ಮಾತು ಹೇಳಲೇಬೇಕು. ಗಂಡಸರು ಅಡುಗೆ ಮಾಡುವ ರಾತ್ರಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ದಿನ ಮಧ್ಯಾಹ್ನ ಎರಡು ಗಂಟೆಯಿಂದ ಬೆಳ್ಳುಳ್ಳಿ ಸುಲಿದವರು, ಮಸಾಲೆ ಕಡೆದವರು, ಮೀನು ಕೊಯ್ದವರು, ಪತ್ತಿರ್ ತಟ್ಟಿದವರು ಯಾರು? ರಾತ್ರಿ ಹನ್ನೊಂದಕ್ಕೆ ಎಣ್ಣೆ ಜಿಡ್ಡಿನ ಜಾಲರಿ ಉಜ್ಜುವವರು ಯಾರು? ನಾವು ಮಾಡುವುದು ನಡುವಿನ ಒಂದು ಗಂಟೆ, ಅದೂ ಫೋಟೋಕ್ಕೆ ಚಂದ ಕಾಣುವ ಒಂದು ಗಂಟೆ. ಬಾಪ ಗಲ್ಫಿನಲ್ಲಿ ಎಲ್ಲವನ್ನೂ ತಾನೇ ಮಾಡುತ್ತಿದ್ದರು, ಅಲ್ಲಿ ಉಮ್ಮ ಇರಲಿಲ್ಲವಲ್ಲ. ಊರಿಗೆ ಬಂದ ಮೇಲೂ ಜಾಲರಿಯನ್ನು ಅವರೇ ಉಜ್ಜುತ್ತಾರೆ. ಬಿಸಿ ಇರುವಾಗಲೇ ಅರ್ಧ ಲಿಂಬೆ ಮತ್ತು ಕಲ್ಲುಪ್ಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದರೆ ಐದು ನಿಮಿಷದ ಕೆಲಸ. ತಣ್ಣಗಾದರೆ ಅರ್ಧ ಗಂಟೆ.

ಕೊನೆಗೆ ಕೆಂಡ. ಊಟ ಮುಗಿದ ಮೇಲೆ ಅದನ್ನು ಯಾರೂ ನೋಡುವುದಿಲ್ಲ. ಗೆರಟೆಯ ಕೆಂಡ ಬೂದಿಯ ಕೆಳಗೆ ಗಂಟೆಗಟ್ಟಲೆ ಬದುಕಿರುತ್ತದೆ. ಬೀಚಿಗೆ ಹೋದವರು ಅದರ ಮೇಲೆ ಮರಳು ಎಳೆದು ಬರುತ್ತಾರೆ. ಮೇಲಿನಿಂದ ಏನೂ ಕಾಣುವುದಿಲ್ಲ, ಬರಿಗಾಲಿನಲ್ಲಿ ಓಡುವ ಮಗುವಿಗೆ ಮಾತ್ರ ಗೊತ್ತಾಗುತ್ತದೆ. ಆರಿತು ಎಂದುಕೊಂಡು ಒಲೆಯನ್ನು ಕಾರಿನ ಡಿಕ್ಕಿಗೆ ಹಾಕಿ, ಗಾಜು ಏರಿಸಿ, ಎಸಿ ಹಾಕಿ ಮನೆಗೆ ಬರುವವರೂ ಇದ್ದಾರೆ. ಅದು ನಮ್ಮ ಮಾಮನ ಶೆಡ್ಡಿನ ಕಥೆಯೇ, ಜಾಗ ಇನ್ನೂ ಚಿಕ್ಕದು. ನೀರು ಹೊಯ್ದು, ಕೋಲಿನಿಂದ ಕದಡಿ, ಮತ್ತೆ ನೀರು ಹೊಯ್ಯಿರಿ. ಕೈಯಿಂದ ಮುಟ್ಟುವಷ್ಟು ತಣ್ಣಗಾಗಬೇಕು. ಹೊಯ್ಯುವಾಗ ದೂರ ನಿಲ್ಲಿ, ಆವಿ ಮುಖಕ್ಕೆ ಹೊಡೆಯುತ್ತದೆ.

ಕಳೆದ ಬಕ್ರೀದ್‌ನ ಎರಡನೇ ರಾತ್ರಿ ನಮ್ಮ ಅಂಗಳದಲ್ಲಿ ಒಲೆ ಉರಿಯಿತು. ಸಂಜೆ ಮೋಡ ಕಟ್ಟಿತ್ತು. ತಂಗಿಯ ಮಗ ಒಲೆಯ ಪಕ್ಕ ಎರಡು ಬಕೆಟ್ ನೀರು ತಂದಿಟ್ಟು, ಶೆಡ್ಡಿನ ಶಟರಿಗೆ ಬೀಗ ಹಾಕಿ, ಬೀಗದ ಕೈಯನ್ನು ಅಜ್ಜನ ಜೇಬಿಗೆ ಹಾಕಿದ. ಎಂಟೂವರೆಗೆ ಮೊದಲ ಹನಿ ಬಿತ್ತು. ಕೋಳಿ ಮುಕ್ಕಾಲು ಬೆಂದಿತ್ತು. ಯಾರೂ ಏನೂ ಹೇಳುವ ಮೊದಲೇ ಅವನು ಬಕೆಟ್ ಎತ್ತಿದ. ಕೆಂಡ ಚುರ್ ಎಂದಿತು. ಉಳಿದ ಕಾಲು ಭಾಗವನ್ನು ಉಮ್ಮ ಒಳಗೆ ಕಾವಲಿಯಲ್ಲಿ ಬೇಯಿಸಿ ಕೊಟ್ಟರು.

ಬೂದಿಯನ್ನು ಬೆಳಿಗ್ಗೆ ಬಾಪ ತೆಂಗಿನ ಬುಡಕ್ಕೆ ಹಾಕಿದರು.